ಅತ್ತೆಯ ದಾನಕ್ಕೆ ಅರ್ಹತಾ ಪರೀಕ್ಷೆ

ನಮ್ಮ ಅತ್ತೆಯಿಂದ ದಾನ ಪಡೆಯುವುದಕ್ಕಿಂತ ಬ್ಯಾಂಕಿನಿಂದ ಸಾಲ ಪಡೆಯುವುದು ಸುಲಭ! ಬ್ಯಾಂಕಿನವರು ಆಧಾರ್ ಕಾರ್ಡು, ಪಹಣಿ, ಎರಡು ಫೋಟೊ ಕೇಳಿ ಸುಮ್ಮನಾಗುತ್ತಾರೆ. ಅತ್ತೆ ನಿಮ್ಮ ಪಾಯಖಾನೆಯ ಬಾಗಿಲು ತೆರೆದು ನೋಡುತ್ತಾಳೆ.

ಅತ್ತೆ ಎಂದರೆ ನನ್ನಪ್ಪನ ಅಕ್ಕ. ಮದುವೆಯಾಗಿಲ್ಲ. ಯಾಕೆ ಎಂದು ಕೇಳಿದವರಿಗೆ, "ಪುರಸೊತ್ತು ಸಿಗಲಿಲ್ರಿ" ಎನ್ನುತ್ತಾಳೆ. ಜಿಲ್ಲೆಯ ನಾಲ್ಕೈದು ಊರುಗಳಲ್ಲಿ ನರ್ಸ್ ಆಗಿ ದುಡಿದು, ನಿವೃತ್ತಳಾಗಿ, ಈಗ ಸಿಂಧನೂರಿನಲ್ಲಿ ನಮ್ಮ ಮನೆಯಲ್ಲೇ ಇದ್ದಾಳೆ. ಪ್ರತಿ ವರ್ಷ ಶ್ರಾವಣದಲ್ಲಿ ಒಂದು ಇಡೀ ತಿಂಗಳ ಪಿಂಚಣಿಯನ್ನು ಯಾವುದಾದರೂ ಒಳ್ಳೆಯ ಕೆಲಸಕ್ಕೆ ಕೊಡುವುದು ಅವಳು ಹಿಡಿದ ವ್ರತ. ಕೊಡುವುದಕ್ಕೇನು, ಒಂದು ನಿಮಿಷ ಸಾಕು. ಆದರೆ ಯಾರಿಗೆ ಎಂದು ಗೊತ್ತುಮಾಡುವ ಕೆಲಸ ಯುಗಾದಿಯ ಮರುದಿನವೇ ಶುರುವಾಗುತ್ತದೆ. ಈ ನಾಲ್ಕು ತಿಂಗಳ ದಂಡಯಾತ್ರೆಗೆ ರಥ ನನ್ನ ಸ್ಕೂಟಿ, ಸಾರಥಿ ನಾನು. ಹೈಸ್ಕೂಲು ಟೀಚರುಗಳಿಗೆ ಸರ್ಕಾರ ಬೇಸಿಗೆ ರಜೆ ಕೊಡುವುದೇ ಇದಕ್ಕಾಗಿ ಎಂದು ಅತ್ತೆ ನಂಬಿದ್ದಾಳೆ.

"ನೀ ಹೆಸರು ಗೊತ್ತಿಲ್ದ ಗುಳಿಗಿ ನುಂಗ್ತೀಯೇನು ಬೇ? ಇಲ್ಲಲ್ಲ? ಮತ್ತ ಗೊತ್ತಿಲ್ದ ಮಂದಿಗೆ ರೊಕ್ಕ ಹೆಂಗ ಕೊಡ್ಲಿ?" ಎಂಬುದು ಅವಳ ವಾದ. ವಾದದಲ್ಲಿ ತಪ್ಪಿಲ್ಲ. ಪೆಟ್ರೋಲು ಮಾತ್ರ ನನ್ನದು!

ಒಮ್ಮೆ ಮನೆಯ ಬಾಗಿಲಿಗೇ ಒಬ್ಬ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ರಸೀದಿ ಪುಸ್ತಕ, ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಫೋಟೊ. ದೂರದ ಯಾವುದೋ ಊರಿನಲ್ಲಿ ಅಂಧ ಮಕ್ಕಳ ಶಾಲೆ ನಡೆಸುತ್ತಾರಂತೆ. ಬೇರೆಯವರಾದರೆ ಹತ್ತೋ ಇಪ್ಪತ್ತೋ ಕೊಟ್ಟು ಬಾಗಿಲು ಹಾಕುತ್ತಿದ್ದರು. ಅತ್ತೆ ಅವನನ್ನು ಒಳಗೆ ಕರೆದು, ಫ್ಯಾನಿನ ಕೆಳಗೆ ಕೂರಿಸಿ, ಫೋಟೊ ಇಸಿದುಕೊಂಡಳು.

"ಚಂದ ಅದಾವ ಮಕ್ಕಳು. ಈ ತುದೀಗೆ ನಿಂತಾನಲ್ಲ, ಇವನ ಹೆಸರೇನಪಾ?"

ಅವನು ಬೆವರು ಒರೆಸಿಕೊಂಡ. "ರಾಜು ರೀ."

"ಅವನ ಬಾಜೂಕ?"

"ಅವನೂ... ರಾಜು ರೀ."

"ಈ ಎರಡು ಜಡಿ ಹಾಕ್ಕೊಂಡಾಕಿ?"

ಅವನು ಫೋಟೊ ನೋಡಿದ, ಅತ್ತೆಯನ್ನು ನೋಡಿದ, ಕೊನೆಗೆ ಬಾಗಿಲು ನೋಡಿದ. ಅಷ್ಟರಲ್ಲಿ ಅತ್ತೆ ಒಳಗಿನಿಂದ ಒಂದು ತಟ್ಟೆ ಉಪ್ಪಿಟ್ಟು ತಂದು ಅವನ ಮುಂದಿಟ್ಟಳು. ಪಾಪ, ಅವನು ತಲೆ ಎತ್ತದೆ ತಿಂದು, ರಸೀದಿ ಪುಸ್ತಕ ತೆರೆಯದೆ ಹೋದ. "ಅಲ್ಲತ್ತಿ, ಮೋಸಗಾರಗ ಉಪ್ಪಿಟ್ಟು ಯಾಕ ಕೊಟ್ಟಿ?" ಎಂದು ಕೇಳಿದೆ. "ಮೋಸ ಬ್ಯಾರೆ, ಹಸಿವಿ ಬ್ಯಾರೆ. ಅವನ ಕಣ್ಣು ನೋಡಿದಿಲ್ಲೇನು, ಮುಂಜಾನಿಂದ ಏನೂ ತಿಂದಿದ್ದಿಲ್ಲ" ಎಂದಳು.

ಲಿಂಗಸುಗೂರಿನ ಕಡೆ ಒಂದು ಗೋಶಾಲೆಗೆ ಹೋದ ಕಥೆಯೂ ಇದೆ. ಹೋದವಳೇ ಅಧ್ಯಕ್ಷರಿಂದ ಶಾಲು ಹೊದಿಸಿಕೊಂಡು, ಹಾರ ಹಾಕಿಸಿಕೊಂಡು, ನಗುನಗುತ್ತಲೇ ನೇರ ಹಿತ್ತಲಿಗೆ ನಡೆದಳು. ಅಲ್ಲಿ ಮೂರು ಆಕಳು ನಿಂತಿದ್ದವು.

"ನೂರು ಆಕಳು ಅದಾವ ಅಂದ್ರಿ?"

"ಉಳಿದವು ಮೇಯಾಕ ಹೋಗ್ಯಾವ್ರಿ ಅಮ್ಮಾ."

"ಆತು. ನೂರು ಆಕಳಿನ ಸಗಣಿ ಎಲ್ಲೈತ್ರಿ?"

ಅಧ್ಯಕ್ಷರು ಆಕಾಶ ನೋಡಿದರು. "ಮೇಯಾಕ ಹೋದಲ್ಲೇ ಹಾಕಿ ಬರ್ತಾವ್ರಿ."

"ಎಲ್ಲಾ ತಡಕೊಂಡು ಹೋಗಿ, ಅಲ್ಲೇ ಹಾಕಿ, ಸಂಜಿಗೆ ಮನಿಗೆ ಬರ್ತಾವೇನು? ಆಫೀಸಿಗೆ ಹೋಗೋ ಆಕಳೇನ್ರಿ ಇವು?"

ಶಾಲನ್ನು ಮಡಚಿ ಅವರ ಕೈಗೇ ಕೊಟ್ಟು ಬಂದಳು. ಆದರೆ ಮರುದಿನ ಒಂದು ಟಂಟಂ ಗಾಡಿ ತುಂಬ ಜೋಳದ ಮೇವು ಕಳಿಸಿದಳು. ಯಾಕೆಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು: "ಆ ಮೂರು ಏನು ತಪ್ಪು ಮಾಡ್ಯಾವ?"

ಇಷ್ಟಕ್ಕೇ ನಿಂತಿದ್ದರೆ ನನಗೆ ಮಸ್ಕಿಯಲ್ಲಿ ತಲೆ ಎತ್ತಿ ಓಡಾಡಲು ಆಗುತ್ತಿತ್ತು. ಇನ್ನೊಂದು ವರ್ಷ ಯಾರೋ ಮಸ್ಕಿಯ ಹತ್ತಿರದ ಒಂದು ವೃದ್ಧಾಶ್ರಮದ ಹೆಸರು ಹೇಳಿದರು. ಅತ್ತೆ ಯೋಚಿಸಿ, "ಇದನ್ನ ಹೊರಗಿಂದ ನೋಡಿದ್ರ ಗೊತ್ತಾಗಲ್ಲ. ಒಳಗ ಮಲಗಿ ನೋಡಬೇಕು" ಎಂದಳು. ಅಂದರೆ? ಅಂದರೆ, ಅವಳು ದಿಕ್ಕಿಲ್ಲದ ಮುದುಕಿ, ನಾನು ಅವಳನ್ನು ಬಿಟ್ಟು ಹೋಗಲು ಬಂದ ಕಟುಕ ಸೊಸೆಯಂಥ ಸಂಬಂಧಿ! ಹಳೆಯ ಸೀರೆ ಉಟ್ಟು, ಒಂದು ಕೈಚೀಲ ಹಿಡಿದು, ಸ್ಕೂಟಿಯ ಹಿಂದೆ ಕುಳಿತಳು. ಅಲ್ಲಿನ ವ್ಯವಸ್ಥಾಪಕರು ಒಳ್ಳೆಯ ಮನುಷ್ಯ. "ಇವರು ನಿಮಗೇನಾಗಬೇಕ್ರಿ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು.

"ಈಕಿನ್ನ ಎತ್ತಿ ಆಡಿಸಿದಾಕಿ ನಾನರೀ ಸಾಹೇಬ್ರ. ಈಗ ನೋಡ್ರಿ, ಸ್ಕೂಟಿ ಮ್ಯಾಲೆ ಕುಂದ್ರಿಸ್ಕೊಂಡು ಬಂದು ಒಗೆದು ಹೊಂಟಾಳ."

ನಿಜವಾದ ಕಣ್ಣೀರು! ಆ ಮನುಷ್ಯ ನನ್ನ ಕಡೆ ನೋಡಿದ ನೋಟಕ್ಕೆ ನನ್ನ ಸ್ಕೂಟಿ ಎರಡು ಸಲ ಕಿಕ್ ಹೊಡೆದರೂ ಚಾಲೂ ಆಗಲಿಲ್ಲ.

ಮೂರನೆಯ ದಿನ ಕರೆದುಕೊಂಡು ಬರಲು ಹೋದೆ. ಅತ್ತೆ ಅಂಗಳದಲ್ಲಿ ಹನ್ನೊಂದು ಮಂದಿ ಮುದುಕ ಮುದುಕಿಯರನ್ನು ಸಾಲಾಗಿ ಕೂರಿಸಿ ಬಿ.ಪಿ. ನೋಡುತ್ತಿದ್ದಳು. ಕೈಚೀಲದಲ್ಲಿ ಮಿಷನ್ನು ಅಡಗಿಸಿಕೊಂಡು ಹೋಗಿದ್ದಳೆಂದು ನನಗೆ ಆಗಲೇ ಗೊತ್ತಾದದ್ದು. ನನ್ನನ್ನು ಕಂಡು, "ಇನ್ನಾ ಆರು ಮಂದಿ ಅದಾರ, ನಾಳಿಗೆ ಬಾ" ಎಂದಳು. ವಾಪಸು ಬಂದಮೇಲೆ ತೀರ್ಪು ಹೊರಬಿತ್ತು: "ಊಟ ಚಲೋ, ಮಂದಿ ಚಲೋ. ಆದ್ರ ಬಚ್ಚಲದಾಗ ಹಿಡ್ಕೊಳ್ಳಾಕ ಒಂದು ಕಂಬಿ ಇಲ್ಲ. ಮುದುಕ್ರು ಜಾರಿ ಬಿದ್ರ ಯಾರ ಹೊಣಿ?" ಆ ಶ್ರಾವಣದ ಪಿಂಚಣಿ ಆ ಆಶ್ರಮದ ಬಚ್ಚಲುಗಳಿಗೆ ಸ್ಟೀಲು ಕಂಬಿಯಾಯಿತು. ಅತ್ತೆ ವ್ಯವಸ್ಥಾಪಕರಿಗೆ ನಿಜವನ್ನೂ ಹೇಳಿದಳು. ಆದರೂ ಆ ಮನುಷ್ಯ ಈಗಲೂ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ!

ಇಂಥ ಪರೀಕ್ಷಾಧಿಕಾರಿಯನ್ನೇ ಪರೀಕ್ಷೆಗೆ ಕೂರಿಸುವವರೊಬ್ಬರು ಸಿಗುತ್ತಾರೆಂದು ಯಾರು ಕಂಡಿದ್ದರು? ಸಿಕ್ಕರು. ಕಳೆದ ವರ್ಷ, ಬಂಗಾಲಿ ನಿರಾಶ್ರಿತರು ನೆಲೆಸಿರುವ ನಮ್ಮೂರ ಪಕ್ಕದ ಆರ್.ಎಚ್. ಕ್ಯಾಂಪಿನಲ್ಲಿ.

ಅಲ್ಲಿ ಒಬ್ಬ ಬಂಗಾಲಿ ಹೆಂಗಸು ಕೈಕಾಲು ಸ್ವಾಧೀನವಿಲ್ಲದ ಮಕ್ಕಳಿಗೆ ವ್ಯಾಯಾಮ ಮಾಡಿಸುತ್ತಾರೆಂದು ನಮ್ಮ ಶಾಲೆಯ ಅಡುಗೆಯಾಕೆ ಹೇಳಿದ್ದಳು. ಎಲ್ಲರೂ ಆಕೆಯನ್ನು ದೀದಿ ಎನ್ನುತ್ತಾರೆ. ಕ್ಯಾಂಪಿನಲ್ಲೇ ಹುಟ್ಟಿ ಬೆಳೆದವರು, ಎಲ್ಲೋ ಹೋಗಿ ತರಬೇತಿ ಪಡೆದು ಬಂದವರು. ಜುಲೈನ ಒಂದು ಭಾನುವಾರ ಹೋದೆವು. ದಾರಿಯ ಎರಡೂ ಕಡೆ ಗದ್ದೆಗಳಲ್ಲಿ ನಾಟಿ ನಡೆದಿತ್ತು. ದೀದಿಯ ಕೇಂದ್ರವೆಂದರೆ ಅವರ ಮನೆಯ ಪಕ್ಕದ ಒಂದು ತಗಡಿನ ಶೆಡ್ಡು. ಬೋರ್ಡಿಲ್ಲ, ಅಧ್ಯಕ್ಷರಿಲ್ಲ, ಶಾಲಂತೂ ಇಲ್ಲವೇ ಇಲ್ಲ. ಚಾಪೆಯ ಮೇಲೆ ಒಂದು ಮಗುವಿನ ಕಾಲು ಮಡಿಸಿ ಚಾಚಿಸುತ್ತಿದ್ದ ದೀದಿ ತಲೆ ಎತ್ತಲೂ ಇಲ್ಲ. ಅತ್ತೆ ವಾಡಿಕೆಯಂತೆ ಹಿಂದೆ ಹೋಗಿ ಪಾಯಖಾನೆ ನೋಡಿ ಬಂದಳು. ಮುಖದಲ್ಲಿ ಮೆಚ್ಚಿಗೆ ಇತ್ತು. ಅಲ್ಲಿಯೂ ಕಂಬಿ ಹಾಕಿಸಿದ್ದರಂತೆ, ಮಕ್ಕಳ ಎತ್ತರಕ್ಕೆ.

"ನೋಡೋದು ಮುಗೀತೇನ್ರಿ?" ದೀದಿ ಕೇಳಿದರು. "ಮುಗಿದಿದ್ರ ಬಳಿ ತೆಗೆದಿಟ್ಟು, ಕೈ ತೊಳ್ಕೊಂಡು ಬರ್ರಿ. ಈ ಕಾಲು ಹಿಡ್ಕೊಬೇಕು."

ಅತ್ತೆಗೆ ಕೈ ತೊಳೆದುಕೊಂಡು ಬಾ ಎಂದವರನ್ನು ನಾನು ಅಂದೇ ಮೊದಲು ಕಂಡದ್ದು!

ಅತ್ತೆ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಅಲ್ಲೇ ನಿಂತಳು. "ನಾನು ರೊಕ್ಕ ಕೊಡಾಕ ಬಂದೀನ್ರಿ" ಎಂದಳು. ಪರೀಕ್ಷೆ ಮುಗಿಯುವ ಮೊದಲೇ ರೊಕ್ಕದ ಮಾತಾಡಿದ್ದು ಅವಳ ಜೀವನದಲ್ಲೇ ಅದೇ ಮೊದಲು.

"ರೊಕ್ಕ ಬ್ಯಾಡ್ರಿ. ರೊಕ್ಕ ಕೊಟ್ಟವರು ಫೋಟೊ ತಕ್ಕೊಂಡು ಹೋಗ್ತಾರ, ತಿರುಗಿ ಬರಲ್ಲ. ನೀವು ನರ್ಸ್ ಆಗಿದ್ದವರಂತ, ಆ ಅಡಿಗಿಯಾಕಿ ಹೇಳ್ಯಾಳ. ವಾರಕ್ಕ ಎರಡು ದಿನ ಬರ್ರಿ ಸಾಕು."

"ಮತ್ತ ಇಷ್ಟು ಚಾಪಿ ಖಾಲಿ ಯಾಕದಾವ?"

"ಮುಕ್ಕುಂದದಿಂದ ಆರು ಮಕ್ಕಳು ಬರಬೇಕು. ನಾಟಿ ಚಾಲೂ ಆತಲ್ರಿ, ತಾಯಂದ್ರಿಗೆ ಕೂಲಿ ಬಿಟ್ಟು ಬರಾಕ ಆಗಲ್ಲ. ಎರಡು ತಿಂಗಳು ತಪ್ಪಿದ್ರ ಕಾಲು ಮತ್ತ ಬಿಗೀತಾವ. ವರ್ಷ ಮಾಡಿದ್ದು ನೀರಾಗ ಹೋಗ್ತೈತಿ." ಇಷ್ಟು ಹೇಳಿ ದೀದಿ ಮತ್ತೆ ಮಗುವಿನ ಕಡೆ ತಿರುಗಿದರು.

ಮನೆಗೆ ಬಂದಮೇಲೆ ವಾರವಿಡೀ ಅತ್ತೆಯದು ಒಂದೇ ರಾಗ: "ನನ್ನ ರೊಕ್ಕ ಬ್ಯಾಡಂತ! ಎಷ್ಟು ಸೊಕ್ಕು ನೋಡು!" ಸೊಕ್ಕು ಎನ್ನುತ್ತಲೇ ಊರಿನ ಆಟೋದವರನ್ನೆಲ್ಲ ಒಬ್ಬೊಬ್ಬರಾಗಿ ಬಾಗಿಲಿಗೆ ಕರೆಸಿದಳು. ಬ್ರೇಕು ಒತ್ತಿಸಿ ನೋಡಿದಳು. ಸೀಟಿನ ಮೇಲೆ ಕುಳಿತು ಕುಣಿದು ನೋಡಿದಳು. ಗುಟಕಾ ತಿನ್ನುವವರು ಮೊದಲ ಸುತ್ತಿನಲ್ಲೇ ಔಟ್. ಕೊನೆಗೆ ಪಾಸಾದ ಒಬ್ಬ ನಡುವಯಸ್ಸಿನ ಡ್ರೈವರ್ ನನ್ನ ಹತ್ತಿರ ಬಂದು, "ಟೀಚರ್, ನನ್ನ ಮದ್ವಿ ಟೈಮಿನಾಗ ಬೀಗರೂ ಇಷ್ಟು ಕೇಳಿದ್ದಿಲ್ರಿ" ಎಂದ. ಆ ವರ್ಷದ ಪಿಂಚಣಿ, ನಾಟಿ ಮುಗಿಯುವವರೆಗೆ ಮುಕ್ಕುಂದದ ಮಕ್ಕಳನ್ನು ಕರೆತಂದು ಬಿಡುವ ಆಟೋಕ್ಕೆ ಎಂದು ತೀರ್ಮಾನವಾಯಿತು. ತಾಯಂದಿರ ಬದಲು ಯಾರ ಮನೆಯ ಅಜ್ಜಿ ಮಕ್ಕಳ ಜೊತೆ ಬರಬೇಕು ಎಂಬುದನ್ನೂ ಅವಳೇ ಮುಕ್ಕುಂದಕ್ಕೆ ಹೋಗಿ ಗೊತ್ತುಮಾಡಿ ಬಂದಳು.

ಮುಂದಿನ ಭಾನುವಾರ ಮೊದಲ ಟ್ರಿಪ್ಪು. ಡ್ರೈವರ್ ಸರಿಯಾಗಿ ಓಡಿಸುತ್ತಾನೋ ಇಲ್ಲವೋ ನೋಡಬೇಕೆಂದು ಅತ್ತೆಯೂ ಆಟೋದಲ್ಲೇ ಬಂದಳು. ನಾನು ಸ್ಕೂಟಿಯಲ್ಲಿ ಹಿಂದೆ. ಆರು ಮಕ್ಕಳೂ ಬಂದಿದ್ದವು. ದೀದಿ ಒಬ್ಬೊಬ್ಬರನ್ನೇ ಎತ್ತಿ ಚಾಪೆಗೆ ಒಯ್ದು, ಕೊನೆಗೆ ಅತ್ತೆಯ ಮುಂದೆ ಬಂದು ನಿಂತರು.

"ಆಟೋ ಬಂತು. ಚಲೋ ಆತ್ರಿ. ಈಗ ನೀವು ಯಾವಾಗಿಂದ ಬರ್ತೀರಿ?"

"ನನಗಾಗಲ್ರಿ."

"ಯಾಕಾಗಲ್ಲ?"

ಅತ್ತೆ ಸೆರಗನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು. ನಾನು ನಡುವೆ ಬಾಯಿ ಹಾಕಿದೆ. "ಯಾಕತ್ತಿ, ಮನ್ಯಾಗ ಕುಂತು ಏನ್ ಮಾಡ್ತಿ? ನಾನು ಬಿಟ್ಟು ಬರ್ತೀನಿ, ಬಾ." ಆಗ ಅತ್ತೆ ಸೆರಗಿನೊಳಗಿನಿಂದ ಎರಡೂ ಕೈ ಹೊರಗೆ ತೆಗೆದು ಮುಂದೆ ಚಾಚಿದಳು.

ಕೈಗಳು ನಡುಗುತ್ತಿದ್ದವು. ಸಣ್ಣಗೆ, ಬಿಡದೆ.

"ದೀಪಾವಳಿಯಿಂದ ಹಿಂಗಾಗ್ಯಾವ್ರಿ. ಕೂಸಿಗೆ ಏನರ ಆತಂದ್ರ? ಅದಕ್ಕ ರೊಕ್ಕ ತಗೋರಿ ಅಂದೆ" ಎಂದಳು. ಪರೀಕ್ಷೆಯಲ್ಲಿ ಫೇಲಾದ ಹುಡುಗಿಯ ಹಾಗೆ ನೆಲ ನೋಡುತ್ತಿದ್ದಳು.

ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು; ಥಂಡಿ ದಿನಗಳಲ್ಲಿ ಬಿದ್ದ ರೂಢಿ ಎಂದುಕೊಂಡಿದ್ದೆ. ಇನ್ನು ಸ್ಕೂಟಿಯ ಹಿಂದೆ ಕುಳಿತವಳ ಕೈ ನನಗೆ ಕಾಣುವುದಾದರೂ ಹೇಗೆ?

ದೀದಿ ಅತ್ತೆಯ ಬಲಗೈ ಹಿಡಿದು, ಬಳೆಗಳನ್ನು ಒಂದೊಂದಾಗಿ ಕಳಚಿ ನನ್ನ ಕೈಗೆ ಕೊಟ್ಟರು. ಅವಳನ್ನು ಚಾಪೆಯ ಮೇಲೆ ಕೂರಿಸಿದರು. ಅಲ್ಲಿ ಮುಕ್ಕುಂದದ ನಾಲ್ಕು ವರ್ಷದ ಒಂದು ಹುಡುಗಿ ಮಾಡಿನ ತಗಡು ನೋಡುತ್ತ ಮಲಗಿದ್ದಳು. ಅತ್ತೆಯ ಅಂಗೈಯನ್ನು ದೀದಿ ಆ ಹುಡುಗಿಯ ಅಂಗಾಲಿನ ಮೇಲೆ ಇಟ್ಟು, ತಮ್ಮ ಕೈ ತೆಗೆದುಬಿಟ್ಟರು.

ನಡುಗುವ ಕೈ ಅಂಗಾಲಿಗೆ ಕಚಗುಳಿ ಇಟ್ಟಿತು. ಹುಡುಗಿ ಒಮ್ಮೆ ಬೆಚ್ಚಿ, ಆಮೇಲೆ ಕಿಲಕಿಲನೆ ನಕ್ಕಳು. ನಗುವಾಗ ಕಾಲಿನ ಬೆರಳುಗಳು ಅಲುಗಿದವು. ಜೊತೆಗೆ ಬಂದಿದ್ದ ಅಜ್ಜಿ, "ಯವ್ವಾ, ಬೆರಳಾಡಿಸಿದ್ಲು ನೋಡ್ರಿ!" ಎಂದು ಎದ್ದೇ ನಿಂತಳು. "ಅದು ಮೊದಲೂ ಅಷ್ಟು ಆಡ್ತಿತ್ತು ಅಜ್ಜಿ, ದೊಡ್ಡ ಸುದ್ದಿ ಏನಲ್ಲ" ಎಂದು ದೀದಿ ಅವಳನ್ನು ಕೂರಿಸಿದರು. "ಆದ್ರ ಇಷ್ಟು ನಕ್ಕಿದ್ದಿಲ್ಲ."

ಅತ್ತೆ ತನ್ನ ಕೈಯನ್ನು ಬೇರೆ ಯಾರದೋ ಕೈಯೆಂಬಂತೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗುವಿನ ಹತ್ತಿರಕ್ಕೆ ಸರಿದು ಕುಳಿತಳು.

"ಆ ಇನ್ನೊಂದು ಕಾಲು ತಾ ನಮ್ಮವ್ವ ಇಲ್ಲೆ" ಎಂದಳು.