ಬಾಗಿಲಿಗೆ ಹೊಡೆಯದ ತಗಡು

ಕಾಲರಿನ ಮೂಲೆ ಮಡಚಿಕೊಳ್ಳದಂತೆ ಎಡಗೈ ಹೆಬ್ಬೆರಳಲ್ಲಿ ಒತ್ತಿಹಿಡಿದು ಅವಳು ಇದ್ದಿಲ ಇಸ್ತ್ರಿಪೆಟ್ಟಿಗೆಯನ್ನು ನಿಧಾನವಾಗಿ ಎಳೆದಳು. ಪೆಟ್ಟಿಗೆ ತೀರಿಹೋದ ಅತ್ತೆಯದು. ಮನೆಯಲ್ಲಿ ಕರೆಂಟಿನದೊಂದು ಇದ್ದರೂ, ತಾನು ಹೊಲಿದ ಬಟ್ಟೆಗೆ ಕೊನೆಯ ಇಸ್ತ್ರಿ ಇದರಲ್ಲೇ ಆಗಬೇಕು. ಇದ್ದಿಲ ವಾಸನೆ ಎದ್ದರೆ ಅತ್ತೆಯೇ ಪಕ್ಕದಲ್ಲಿ ಕೂತು, "ಮೊದಲು ತೋಳು, ಆಮೇಲೆ ಬೆನ್ನು" ಎಂದು ಹೇಳಿಕೊಟ್ಟ ಹಾಗಾಗುತ್ತಿತ್ತು.

ಇವತ್ತಿನ ಕೋಟು ಅಗ್ನಿಶಾಮಕ ಠಾಣೆಯ ಸಾಹೇಬರದು. ಅದನ್ನು ಹ್ಯಾಂಗರಿಗೆ ಸಿಕ್ಕಿಸಿ, ಪೆಟ್ಟಿಗೆಯ ಬೂದಿಯನ್ನು ಹಿತ್ತಲಿನ ಮರದ ಶೆಡ್ಡಿನ ಬುಡಕ್ಕೆ ಸುರಿದಳು. ಅತ್ತೆಯಾಗಿದ್ದರೆ ಮೇಲೊಂದು ಚೊಂಬು ನೀರು ಹಾಕುತ್ತಿದ್ದರು. ಇವಳು ಚೊಂಬಿಗೆ ಕೈ ಹಾಕುವಷ್ಟರಲ್ಲಿ ಬೀದಿಯಲ್ಲಿ ಗಂಡನ ದನಿ ಏರಿತು. ನೀರು ಮರೆತು ಬಾಗಿಲಿಗೆ ಓಡಿದಳು.

ಗಂಡ ನಿವೃತ್ತ ಪೋಸ್ಟ್‌ಮ್ಯಾನ್. ಬೀದಿಯವರ ಬಾಯಲ್ಲಿ ಭಾಷಣದಣ್ಣ. ಠಾಣೆಯವರು ವರ್ಷಕ್ಕೊಮ್ಮೆ ಫೀಸು ಕಟ್ಟಿದವರಿಗೆ ಕೆಂಪು ತಗಡು ಕೊಡುವುದು, ಬಾಗಿಲಲ್ಲಿ ತಗಡಿದ್ದ ಮನೆಯ ಬೆಂಕಿಯನ್ನು ಮಾತ್ರ ಆರಿಸುವುದು ಎಂದು ಶುರುವಾದ ದಿನದಿಂದ ಅವನಿಗೆ ಬೇರೆ ವಿಷಯವೇ ಇರಲಿಲ್ಲ.

"ಸ್ಟಾಂಪು ಅಂಟಿಸದ ಕಾಗದಾನೂ ನಾನು ಮನೆಗೆ ಮುಟ್ಟಿಸ್ತಿದ್ದೆ. ಮೊದ್ಲು ಕಾಗದ, ಆಮೇಲೆ ದುಡ್ಡು. ಬೆಂಕಿಗೂ ಹಾಗೇ ಇರ್ಬೇಕು" ಎನ್ನುತ್ತಿದ್ದ. "ನಾನು ಬದುಕಿರೋವರ್ಗೂ ಈ ಬಾಗಿಲಿಗೆ ಆ ತಗಡು ಬರಲ್ಲ."

"ಮನೆ ಉರಿದ್ಮೇಲೆ ಯಾರು ಕೊಡ್ತಾರೆ ದುಡ್ಡು?" ಪಕ್ಕದ ಮನೆಯ ಟೀಚರಮ್ಮ ತಮ್ಮ ಬಾಗಿಲ ತಗಡನ್ನು ಸೆರಗಿನಿಂದ ಒರೆಸುತ್ತಾ ಕೇಳಿದರು.

ಬಾಗಿಲಲ್ಲಿ ನಿಂತಿದ್ದ ಅವಳು ಆಗಲೇ ಹೊಲಿಗೆಯ ದುಡ್ಡಿನಲ್ಲಿ ಗುಟ್ಟಾಗಿ ಒಂದು ತಗಡು ತಂದು, ಶೆಡ್ಡಿನಲ್ಲಿದ್ದ ಅತ್ತೆಯ ಟ್ರಂಕಿನಡಿ ಇಟ್ಟಿದ್ದಳು. ಠಾಣೆಯ ಕಿಟಕಿಯಲ್ಲಿ ಹೆಸರು ಕೇಳುವ ಪದ್ಧತಿಯಿರಲಿಲ್ಲ. ಸಿನಿಮಾ ಟಿಕೆಟಿನಂತೆ ದುಡ್ಡು ಒಳಗೆ, ತಗಡು ಹೊರಗೆ. ಬೆಂಕಿ ಬಿದ್ದರೆ ಬೇಗನೆ ತಂದು ಬಾಗಿಲಿಗೆ ಹೊಡೆಯುವುದೆಂದು ಅವಳ ಲೆಕ್ಕ. ಬೆಂಕಿ ಎಲ್ಲಿ ಬೀಳಬಹುದೆಂಬುದು ಲೆಕ್ಕದಲ್ಲಿರಲಿಲ್ಲ.

"ಅಕ್ಕಾ, ನಿಮ್ಮ ಹಿತ್ತಲಲ್ಲಿ ಹೊಗೆ" ಎಂದ ಬ್ರೆಡ್ಡಿನ ಅಂಗಡಿಯ ಮುದುಕ.

ಟೀಚರಮ್ಮನ ಫೋನಿಗೆ ಫೈರ್ ಇಂಜಿನ್ನು ಮದುವೆ ದಿಬ್ಬಣದ ಹಾಗೆ ಸದ್ದು ಮಾಡುತ್ತಾ ಬಂತು. ಸಾಹೇಬರು ಇಳಿದು ಬಾಗಿಲು ನೋಡಿದರು, ಚೌಕಟ್ಟು ನೋಡಿದರು, ಕೊನೆಗೆ ಅವಳ ಮುಖ ನೋಡಿದರು.

"ತಗಡಿಲ್ವಲ್ಲಮ್ಮ. ಅಂದ ಹಾಗೆ ನನ್ನ ಕೋಟು?"

"ಒಳಗಿದೆ ಸಾರ್, ಇಸ್ತ್ರಿ ಆಗಿದೆ."

"ಸದ್ಯ" ಎಂದು ಸಾಹೇಬರು ಉಸಿರುಬಿಟ್ಟು, ಟೀಚರಮ್ಮನ ಗೋಡೆಗೆ ನೀರು ಬಿಡಲು ಹೇಳಿದರು. ಗೋಡೆ ಎಮ್ಮೆಯಂತೆ ಸುಮ್ಮನೆ ನಿಂತು ಮೈ ತೊಳೆಸಿಕೊಂಡಿತು. ಗಾಳಿಗೆ ನಾಲ್ಕು ಹನಿ ಈಚೆ ಹಾರಿ ಶೆಡ್ಡಿನ ಮೇಲೆ ಬಿದ್ದವು.

"ಸಾಹೇಬ್ರೇ, ಪೈಪು ಸರಿಯಾಗಿ ಹಿಡಿಸಿ. ಅದು ನನ್ನ ಫೀಸಿನ ನೀರು" ಎಂದರು ಟೀಚರಮ್ಮ.

ಫೀಸು ಕಟ್ಟಿದ್ದೇನೆ ಎನ್ನಲು ಅವಳು ಬಾಯಿ ತೆರೆದಳು. ಪಕ್ಕದಲ್ಲೇ ಗಂಡ. ಈಗಷ್ಟೇ ಬೀದಿಯ ಮುಂದೆ ಶಪಥ ಮಾಡಿದವನು. ಹೇಳಿದರೆ, ಸಾಹೇಬರು ನಂಬಿದರೆ, ಶೆಡ್ಡು ಉಳಿದೀತು. ಅವನು ಇನ್ನು ತಲೆಯೆತ್ತಿ ಬೀದಿಗಿಳಿಯುವುದಿಲ್ಲ. ಬಾಯಿ ಮುಚ್ಚಿಕೊಂಡು ಶೆಡ್ಡಿನತ್ತ ಓಡಿದಳು. ನೋಡಿದರೆ ಗಂಡನೂ ಓಡುತ್ತಿದ್ದ.

ಜನ ಇಬ್ಬರನ್ನೂ ಹಿಡಿದುಕೊಂಡರು.

"ನನ್ನ ಟಪಾಲು ಚೀಲ ಒಳಗಿದೆ, ಬಿಡ್ರೋ" ಎಂದು ಅವನು ಒದ್ದಾಡಿದ.

"ನಮ್ಮತ್ತೆ ಟ್ರಂಕು" ಎಂದು ಅವಳು.

"ಗಂಡ ಹೆಂಡ್ತಿ ಸೇರಿ ಒಳಗೆ ಬಂಗಾರ ಹೂತಿದಾರೇನೋ" ಎಂದರು ಟೀಚರಮ್ಮ.

ಅಷ್ಟರಲ್ಲಿ ಬ್ರೆಡ್ಡಿನ ಮುದುಕ ಬಕೆಟ್ಟಿನಲ್ಲಿ ನೀರು ತಂದು ಎರಚಿದ. ಯಾರನ್ನೂ ಕೇಳಲಿಲ್ಲ. ಹಿಂದಿನಿಂದ ಇನ್ನೊಬ್ಬರು ತಂದರು. ನೋಡುತ್ತಿದ್ದಂತೆ ನಲ್ಲಿಯಿಂದ ಶೆಡ್ಡಿನವರೆಗೆ ಸಾಲು ನಿಂತಿತ್ತು. ಟೀಚರಮ್ಮನೂ ಗೊಣಗುತ್ತಲೇ ಸಾಲಿನಲ್ಲಿದ್ದರು.

ಅವಳಿಗೆ ಹೊಸ ಸೊಸೆಯಾಗಿ ಬಂದ ವರ್ಷ ನೆನಪಾಯಿತು. ಆಗ ಪ್ರತಿ ಬಾಗಿಲ ಪಕ್ಕದ ಕೊಕ್ಕೆಯಲ್ಲೊಂದು ಬಕೆಟ್ಟು ತೂಗುತ್ತಿತ್ತು. ಬೀದಿ ಕೊನೆಯ ಗಂಟೆ ಬಡಿದರೆ ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಓಡುತ್ತಿದ್ದರು. ಇವಳು ಈ ಬೀದಿಯವರ ಮುಖಗಳನ್ನು ಮೊದಲು ಕಂಡದ್ದು ಅಂಥದೊಂದು ಸಾಲಿನಲ್ಲೇ. ಎಡಗಡೆ ಅತ್ತೆ, ಬಲಗಡೆ ಗುರುತಿಲ್ಲದ ಯಾರೋ. ಕೈಯಿಂದ ಕೈಗೆ ತುಳುಕುವ ನೀರು. "ಚೆಲ್ಲಬೇಡ್ವೇ, ಈ ನೀರೇ ಅವರ ಮನೆ" ಎಂದಿದ್ದರು ಅತ್ತೆ.

ಬೆಂಕಿ ಆರುವ ಹೊತ್ತಿಗೆ ಶೆಡ್ಡಿನ ಚಾವಣಿ ಕುಸಿದಿತ್ತು. ಸಾಹೇಬರು ಕೋಟು ತೊಟ್ಟು, ಕನ್ನಡಿ ನೋಡಿಕೊಂಡು, "ಭುಜ ಚೆನ್ನಾಗಿ ಕೂತಿದೆ" ಎಂದು ಹೇಳಿ ಹೋದರು.

ಸಂಜೆ ಅವಳು ಕೋಲು ಹಿಡಿದು ಬೂದಿ ಕೆದಕಿದಳು. ಟ್ರಂಕಿನ ಬುಡದಲ್ಲಿ ತಗಡು ಸಿಕ್ಕಿತು, ಮಸಿ ಬಳಿದುಕೊಂಡು. ಅದನ್ನು ಸೊಂಟಕ್ಕೆ ಸಿಕ್ಕಿಸುವಾಗ ಆಚೆ ಮೂಲೆಯಲ್ಲಿ ಕೋಲಿಗೆ ಇನ್ನೇನೋ ಠಣ್ ಎಂದಿತು. ಟಪಾಲು ಚೀಲದ ಹಿತ್ತಾಳೆ ಬಕಲು. ಅದರ ಕೆಳಗೆ, ಸುಟ್ಟ ಚೀಲಕ್ಕೆ ಅಂಟಿಕೊಂಡು, ಇನ್ನೊಂದು ತಗಡು.

ಅವಳು ಎರಡನ್ನೂ ಕೈಯಲ್ಲಿ ಹಿಡಿದು ಕೂತುಬಿಟ್ಟಳು. ಇಡೀ ಬೀದಿಯಲ್ಲಿ ಎರಡು ಸಲ ಫೀಸು ಕಟ್ಟಿದ ಮನೆ ಇದೊಂದೇ. ನಗು ಬಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹಿಂದಿನಿಂದ ಗಂಡನ ಹೆಜ್ಜೆ. ಅವನ ಕೈಯಲ್ಲೂ ಒಂದು ಕೋಲು.

"ಏನಾದ್ರೂ ಸಿಕ್ತಾ?" ಎಂದ, ಅವಳ ಮುಖ ನೋಡದೆ.

"ಏನಿಲ್ಲ ರೀ, ಬರೀ ಮೊಳೆ" ಎಂದಳು. ಅವನ ತಗಡನ್ನು ಬಕಲಿನಡಿ ಬೂದಿಗೆ ಆಗಲೇ ಸರಿಸಿಯಾಗಿತ್ತು. "ಆ ಮೂಲೆ ನಾನಿನ್ನೂ ನೋಡಿಲ್ಲ. ನೀವೇ ನೋಡಿ. ನಾನು ಒಲೆ ಹಚ್ಚಬೇಕು."

ಅವನು ಬಗ್ಗುವುದನ್ನು ನೋಡಲು ತಿರುಗಲಿಲ್ಲ. ಅಡುಗೆಮನೆ ಬಾಗಿಲ ಪಕ್ಕ ಅತ್ತೆಯ ಕಾಲದ ಕೊಕ್ಕೆ ತುಕ್ಕು ಹಿಡಿದು ಇನ್ನೂ ಇತ್ತು. ಅಲುಗಿಸಿ ನೋಡಿದಳು, ಗಟ್ಟಿಯಾಗಿತ್ತು. ಮುಂದಿನ ವರ್ಷದ ಫೀಸು ಅವನೇ ಕಟ್ಟಿಕೊಳ್ಳಲಿ, ಗುಟ್ಟಾಗಿಯೇ ಕಟ್ಟಿಕೊಳ್ಳಲಿ. ಹೊಲಿಗೆಯ ದುಡ್ಡಿಗೆ ಬಕೆಟ್ಟು ಬರುತ್ತದೆ. ಒಂದಲ್ಲ, ಟೀಚರಮ್ಮನ ಬಾಗಿಲಿಗೂ ಒಂದು.

ಒಲೆ ಹಚ್ಚಿ, ಕಡ್ಡಿಯನ್ನು ನೀರಿಗೆ ಅದ್ದಿ ಬಿಸಾಡಿದಳು.