ಅಜ್ಜಿ ಅಂಡ್ ಟಿವಿ

ಮಕ್ಕಳ ಹೋಂವರ್ಕಿಗೆ ಮನೆಯವರನ್ನೇ ಉದಾಹರಣೆ ಕೊಡಬಾರದು. ಗೌರಿ ಹಬ್ಬಕ್ಕೆ ಹತ್ತು ದಿನ ಇರುವಾಗಂತೂ ಕೊಡಲೇಬಾರದು. ಈ ಜ್ಞಾನೋದಯ ನನಗಾಗುವ ಹೊತ್ತಿಗೆ ಅನಾಹುತ ನಡೆದುಹೋಗಿತ್ತು.

ಈ ವರ್ಷ ಹಬ್ಬಕ್ಕೆ ಮಗಳನ್ನು ಕರೆದುಕೊಂಡು ಚನ್ನರಾಯಪಟ್ಟಣದಿಂದ ಅರಕಲಗೂಡಿನ ತವರಿಗೆ ಹೋಗಿ ನಾಲ್ಕು ದಿನ ಇರುವುದೆಂದು ಸಂಕಲ್ಪ ಮಾಡಿದ್ದೆ. ಬಾಗಿನ ಒಂದು ನೆಪ. ನಿಜವಾದ ಆಸೆ, ಮುದ್ದೆ ತಿರುವದೆ, ಅಮ್ಮ ಬಡಿಸಿದ್ದನ್ನು ಕೂತು ಉಣ್ಣುವುದು. ಅತ್ತೆ ಬೆಟ್ಟಮ್ಮನವರು "ನೋಡಾನ" ಎಂದಿದ್ದರು. ನಮ್ಮ ಮನೆಯಲ್ಲಿ 'ನೋಡಾನ' ಎಂದರೆ ಮುಕ್ಕಾಲು ಒಪ್ಪಿಗೆ. ಉಳಿದ ಕಾಲು ಭಾಗಕ್ಕಾಗಿ ವಾರದಿಂದ ಅವರ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದೆ.

ಅಷ್ಟರಲ್ಲಿ ಬಂತು, ಐದನೇ ಕ್ಲಾಸಿನ ಮಗಳು ನಿಸರ್ಗಳ ಇಂಗ್ಲಿಷ್ ವ್ಯಾಕರಣ.

"ಅಮ್ಮಾ, ಕಾಂಪೌಂಡ್ ಸಬ್ಜೆಕ್ಟ್ ಅಂದ್ರೇನು? ಕಾಂಪೌಂಡ್ ಪ್ರೆಡಿಕೇಟ್ ಅಂದ್ರೇನು?"

(ನನಗೆ ಗೊತ್ತಿದ್ದ ಕಾಂಪೌಂಡು, ಪಕ್ಕದ ಮನೆಯವರು ನಮ್ಮ ಜಾಗ ಅರ್ಧ ಅಡಿ ನುಂಗಿ ಎಬ್ಬಿಸಿದ್ದೊಂದೇ.) ಯಜಮಾನರಾದ ಕಾಂತರಾಜು, "ನೀನು ಬಿ.ಎ. ಅಲ್ವಾ, ಹೇಳ್ಕೊಡು" ಎಂದು ಮೊಬೈಲಿಗೆ ಮರಳಿದರು. ಪುಸ್ತಕ ತೆಗೆದು ನೋಡಿದೆ. ಇಷ್ಟೇನಾ! ಮಾಡುವವರು ಇಬ್ಬರಿದ್ದು ಕೆಲಸ ಒಂದೇ ಆದರೆ ಮೊದಲನೆಯದು. ಮಾಡುವವರು ಒಬ್ಬರೇ ಇದ್ದು ಕೆಲಸ ಎರಡು ಮೂರಾದರೆ ಎರಡನೆಯದು. ಇದಕ್ಕೆ ಪುಸ್ತಕ ಯಾಕೆ, ನಮ್ಮ ಮನೆಯೇ ಇದೆಯಲ್ಲ!

"ಬರ್ಕೋ ಪುಟ್ಟಾ. ಅಜ್ಜಿ ಅಂಡ್ ಟಿವಿ ಬೆಳಿಗ್ಗೆ ಐದಕ್ಕೇ ಬಾಯಿ ತೆಗೀತಾರೆ."

"ಇಬ್ರು, ಒಂದೇ ಕೆಲಸ!"

"ಶಭಾಷ್. ಅಪ್ಪ ಕೂರ್ತಾರೆ, ಆಕಳಿಸ್ತಾರೆ ಅಂಡ್ ಕಾಫಿ ಕೇಳ್ತಾರೆ."

"ಒಬ್ರು, ಮೂರು ಕೆಲಸ!"

"ಅದನ್ನ ಕೆಲಸ ಅಂತ ವ್ಯಾಕರಣ ಒಪ್ಪುತ್ತೆ, ನಾನು ಒಪ್ಪಲ್ಲ. ಮುಂದೆ ಬರಿ. ಅಮ್ಮ ಗುಡಿಸ್ತಾಳೆ, ಒಗೀತಾಳೆ, ತೊಳೀತಾಳೆ ಅಂಡ್ ಮುದ್ದೆ ಮಾಡ್ತಾಳೆ."

ಮಗು ನಾಲಿಗೆಯ ತುದಿ ಕಚ್ಚಿಕೊಂಡು, ಮುದ್ದಾಗಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದಳು. ಆ ದಿನದ ಡೈರಿಯಲ್ಲಿ ನಾನೂ ಬರೆದೆ: 'ಬೋಧನೆಯಲ್ಲಿ ನನಗೆ ದೈವದತ್ತ ಪ್ರತಿಭೆಯಿದೆ.'

ಶನಿವಾರ ಸ್ಕೂಲಿನಲ್ಲಿ ಪೋಷಕರ ಸಭೆ. ಯಜಮಾನರಿಗೆ ಎಂದಿನಂತೆ ಹೊಳೆನರಸೀಪುರದಲ್ಲಿ ತುರ್ತು ಕೆಲಸ ಹುಟ್ಟಿಕೊಂಡಿತು. ಅತ್ತೆ ಸೀರೆ ಉಟ್ಟು ತಯಾರಾದರು. "ನಾನೂ ಬತ್ತೀನಿ ಕಣವ್ವಾ. ಮೊಮ್ಮಗಳು ಇಂಗ್ಲೀಸು ಓದಾದ ನಾನು ಕೇಳ್ಬ್ಯಾಡ್ವಾ?"

ಮಾನಸಾ ಮಿಸ್ಸು ಬಾಯ್ತುಂಬ ನಗುತ್ತಾ, "ಎಲ್ಲರೂ ಪುಸ್ತಕದ್ದನ್ನೇ ಕಾಪಿ ಹೊಡೆದಿದ್ದಾರೆ. ಇವಳೊಬ್ಬಳೇ ಸ್ವಂತ ಬರೆದಿರೋದು. ಓದು ನಿಸರ್ಗಾ" ಎಂದರು. ಓದಿದಳು. ಅತ್ತೆಯ ಮುಖ ಊರಗಲವಾಯಿತು.

"ಅಂಗಂದ್ರೇನು ಕೂಸೇ?"

ನಾನು ಬೆಂಚಿನಡಿ ಮಗಳ ಕಾಲು ಒತ್ತಿದೆ.

"ಯಾಕಮ್ಮಾ ತುಳೀತೀಯಾ?" ಎಂದು ಕೂಗಿದವಳೇ ಒಂದೊಂದು ಸಾಲನ್ನೂ ಶುದ್ಧ ಕನ್ನಡದಲ್ಲಿ, ಅಪ್ಪನ ಆಕಳಿಕೆಯ ಅಭಿನಯ ಸಮೇತ, ಸಭೆಗೆ ಒಪ್ಪಿಸಿದಳು.

ಪೋಷಕವೃಂದ ಕಣ್ಣೀರು ಒರೆಸಿಕೊಂಡು ನಕ್ಕಿತು. ನಗದವರು ಒಬ್ಬರೇ. ಆಟೋದಲ್ಲಿ ಅತ್ತೆ ನನಗೆ ಬೆನ್ನು ತಿರುಗಿಸಿ ಕೂತರು. ನಾನು ಮನಸ್ಸಿನಲ್ಲೇ ಅರಕಲಗೂಡಿಗೆ ಕೈಮುಗಿದೆ.

ಮನೆಗೆ ಬಂದು, ಕಾಲು ತೊಳೆದು, ಸೋಫಾದಲ್ಲಿ ಕೂತ ಮೇಲೆ ಅತ್ತೆ ಬಾಯಿ ತೆಗೆದರು.

"ಟಿವಿ ಬಾಯಿ ಮುಚ್ಸಕ್ಕೆ ರಿಮೋಟ್ ಐತೆ. ನನ್ ಬಾಯಿಗೆ ಎಲ್ಲಿಂದ ತತ್ತೀಯವ್ವಾ?"

"ತಪ್ಪಾಯ್ತು ಅತ್ತೆಮ್ಮ. ಏನೋ ಹೋಂವರ್ಕಿಗೆ ಅಂತ..."

"ಇರ್ಲಿ ಬುಡು. ಒಬ್ಳೇ ನಾಕು ಕೆಲ್ಸ ಮಾಡ್ತೀಯ, ಸುಳ್ಳೇನು ಯೋಳಿಲ್ಲ. ಅಬ್ಬಕ್ಕೆ ನಿಮ್ಮವ್ವನ ಮನೆಗೆ ಓಗು."

ನನ್ನ ಕಣ್ಣು ತುಂಬಿ ಬಂತು. ಇಂಥ ದೇವತೆಯನ್ನು ಟಿವಿಯ ಜೊತೆ ಕಟ್ಟಿಹಾಕಿದೆನಲ್ಲ! ಕಾಲಿಗೆ ಬೀಳಲು ಬಗ್ಗಿದೆ.

"ನಾನೂ ನನ್ ಮಗಾನೂ ಬತ್ತೀವಿ."

ಬಗ್ಗಿದವಳು ಹಾಗೇ ನಿಂತೆ.

"ಬೀಗ್ತಿ ಮನೆ ನೋಡಿ ನಾಕು ವರ್ಸ ಆಯ್ತು. ಪಾಪ, ಅವ್ರಿಗೂ ವಯಸ್ಸಾಯ್ತು, ಒಲೆ ಮುಂದೆ ನಿಲ್ಲಿಸ್ಬ್ಯಾಡ. ಅಲ್ದೆ, ನಿನ್ ಕೈ ಮುದ್ದೆ ಬುಟ್ರೆ ನಂಗೆ ಗಂಟ್ಲಲ್ಲಿ ಇಳಿಯಕ್ಕಿಲ್ಲ ಕಣವ್ವಾ."

ಮದುವೆಯಾಗಿ ಹನ್ನೊಂದು ವರ್ಷ. ಅತ್ತೆ ನನ್ನ ಮುದ್ದೆಯನ್ನು ಹೊಗಳಿದ್ದು ಇದೇ ಮೊದಲು.

ಹಬ್ಬಕ್ಕೆ ಇನ್ನೂ ದಿನಗಳಿದ್ದರೂ, ಅಂದು ಸಂಜೆಯೇ ಬ್ಯಾಗು ಜೋಡಿಸಲು ಅವರೇ ಮುಂದಾದರು. ತವರಿನಲ್ಲಿ ಉಡಲೆಂದು ಎತ್ತಿಟ್ಟಿದ್ದ ನನ್ನ ಹೊಸ ರೇಷ್ಮೆ ಸೀರೆಯನ್ನು ಪ್ರೀತಿಯಿಂದ ಮಡಿಸಿ ಒಳಗಿಟ್ಟರು. ಆಮೇಲೆ ಅಡುಗೆಮನೆಗೆ ಹೋಗಿ ಮುದ್ದೆ ಕೋಲು ತಂದು, ಅದರ ಪಕ್ಕದಲ್ಲೇ ಇಟ್ಟು, ಜಿಪ್ಪು ಎಳೆದರು.