ಅಕ್ಷರವಿಲ್ಲದ ಕೆಪಾಸಿಟರ್, ಅಜ್ಜನ ಗಂಟಲು

ಏನಾದರೊಂದು ಎಡವಟ್ಟು ಆಗದೆ ನಮ್ಮ ನಂಜನಗೂಡಿನ ರಿಪೇರಿ ಅಂಗಡಿಯ ಬಾಗಿಲು ಮುಚ್ಚಿದ ದಿನವೇ ಕಡಿಮೆ. ಈಗ ಬಿಡಿ, ಇಡೀ ಬೋರ್ಡನ್ನೇ ಬದಲಾಯಿಸಿ ಕೈ ತೊಳೆದುಕೊಳ್ಳುವ ಕಾಲ. ಅಕ್ಕಿಕಾಳಿಗಿಂತ ಸಣ್ಣ ಕೆಪಾಸಿಟರಿನ ಮೇಲೆ ಭೂತಗನ್ನಡಿ ಹಿಡಿದು, ಗುರುತು ಓದಿ, ಅಂಥದ್ದೇ ಇನ್ನೊಂದನ್ನು ಹುಡುಕುತ್ತಿದ್ದ ದಿನಗಳು ನೆನಪಾದರೆ ಈಗಲೂ ಮನಸ್ಸು ಅಲ್ಲೇ ಓಡುತ್ತೆ.

1

ಟಿ. ನರಸೀಪುರದಲ್ಲಿ ನನ್ನ ಗೆಳೆಯನದೂ ಇಂಥದ್ದೇ ಅಂಗಡಿ. ದುಂಡು ಡಬ್ಬಿಯಂಥ ಕೆಪಾಸಿಟರಿನಲ್ಲಿ ಕಪ್ಪು ಗುರುತು ಮೈನಸ್, ಹಳದಿ ಚೌಕದ ಟ್ಯಾಂಟಲಮ್‌ನಲ್ಲಿ ಗೆರೆ ಇರುವ ಕಡೆ ಪ್ಲಸ್. ಇದನ್ನು ಅವನಿಗೆ ಬಾಯಿಪಾಠ ಮಾಡಿಸಿದ್ದೆ. ಆದರೂ ಒಂದು ಆಂಪ್ಲಿಫೈಯರಿಗೆ ಉಲ್ಟಾ ಕೂರಿಸಿ ಸ್ವಿಚ್ ಹಾಕಿದ. ಢಂ ಅಂತು. ಗೆಳೆಯ ಮೇಜಿನ ಕೆಳಗೆ.

ಎದುರಿಗೆ ಕೂತಿದ್ದ ಸೋಮನಾಥಪುರದ ಗಿರಾಕಿ ಮಾತ್ರ ಕದಲಲಿಲ್ಲ. "ಸರಿಯಾಯ್ತಲ್ಲ ಸಾ? ಇಷ್ಟು ದಿನ ಇಷ್ಟೂ ಸೌಂಡೇ ಬತ್ತಿರ್ನಿಲ್ಲ" ಅಂದ.

2

ಕವಲಂದೆಯ ಭಜನೆ ಅಜ್ಜ ಒಂದು ದಿನ ಅಜ್ಜಿಯ ಜೊತೆ ಬಂದು ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಇಟ್ಟರು. ತೀರಿಕೊಂಡ ಅವರ ಗುರುಗಳು ಶ್ರುತಿ ಹೊಂದಿಸಿ, ಯಾರೂ ತಿರುಗಿಸಬಾರದು ಅಂತ ಗುಂಡಿಗೆ ಅರಗು ಹಾಕಿದ್ದರಂತೆ. ಈಗ ಕರಕರ ಅನ್ನುತ್ತಿತ್ತು.

"ಸೋಮವಾರಕ್ಕೆ ಮಾಡ್ಕೊಡಪ್ಪ. ಅದೇ ನನ್ನ ಕೊನೇ ಭಜನೆ" ಅಂದರು ಅಜ್ಜ. "ವರ್ಷ ವರ್ಷಕ್ಕೂ ಗಂಟ್ಲು ಏಳಾಕಿಲ್ಲ ಅಂತದೆ. ಎಲ್ಲಾ ಇವಳ ಉಪ್ಪಿನಕಾಯಿ ಮಹಿಮೆ."

ಅಜ್ಜಿ ಮುಖ ತಿರುಗಿಸಿದರು. ನನಗೆ ಅಯ್ಯೋ ಅನ್ನಿಸಿತು.

ಬಿಚ್ಚಿದರೆ, ಸ್ವರ ಹೊರಡಿಸುವ ಕಡೆ ಒಂದು ಕಂದು ಕೆಪಾಸಿಟರ್ ಬಿರುಕು ಬಿಟ್ಟಿದೆ. ಆ ಜಾತಿಯ ಮೇಲೆ ಒಂದಕ್ಷರವೂ ಇರುವುದಿಲ್ಲ, ಏನಂತ ಓದೋದು? ಗೆಳೆಯನ ಹತ್ತಿರ ಅಂಥದ್ದೇ ಹಳೇ ಪೆಟ್ಟಿಗೆ ಬಿದ್ದಿತ್ತು. ಅದರಿಂದ ಕಿತ್ತು, ಬೆಂಕಿಪೊಟ್ಟಣಕ್ಕೆ ಹಾಕಿ, ಯಾವತ್ತಿನಂತೆ ಬಸ್ ಕಂಡಕ್ಟರ್ ಕೈಲಿ ಕೊಟ್ಟುಕಳಿಸಿದ.

ಪೊಟ್ಟಣ ಖಾಲಿ ಇತ್ತು. ಕಂಡಕ್ಟರನನ್ನು ಕೇಳಿದರೆ, "ನಾನೂ ತೆಗೆದು ನೋಡ್ದೆ ಸಾ. ಏನೂ ಇರ್ನಿಲ್ಲ. ಒಂದು ಚೂರು ಕಸ ಇತ್ತು, ಊದ್ಬುಟ್ಟೆ."

3

ಗೆಳೆಯನ ಆ ಹಳೇ ಪೆಟ್ಟಿಗೆಯ ಬೋರ್ಡಿನಲ್ಲೇ ಪಂಚಮಕ್ಕೆ ಅಂತ ಅದೇ ಅಳತೆಯ ಜೋಡಿ ಇನ್ನೊಂದಿತ್ತು, ಪುಣ್ಯಕ್ಕೆ. ಈ ಸಲ ಗೆಳೆಯ ಅದನ್ನು ಮದುವೆ ಕಾಗದಕ್ಕೆ ಅಂಟಿಸಿ, ಸುತ್ತ ಕೆಂಪು ಶಾಯಿ ಬಳಿದು, ಊದಬೇಡಿ ಅಂತ ಬರೆದು ಕಳಿಸಿದ.

ಅಜ್ಜ ಅಜ್ಜಿ ಬಂದು ಕೂತಿದ್ದಾಗಲೇ ಕೂರಿಸಿ ಸ್ವಿಚ್ ಹಾಕಿದೆ. ಷಡ್ಜ ಮೊದಲಿಗಿಂತ ಕೆಳಗೆ ನಿಂತಿತು. ಅಜ್ಜ ಹುಬ್ಬು ಗಂಟಿಕ್ಕಿ ಸಣ್ಣಗೆ ಗುನುಗಿದರು, ಆಮೇಲೆ ಬಾಯಿ ಬಿಟ್ಟು ಹಾಡಿದರು. ಗಂಟಲು ಸಲೀಸಾಗಿ ಮೇಲೆ ಹೋಯಿತು. "ಇದು ನಮ್ ಗುರುಗಳು ಇಟ್ಟ ಶ್ರುತಿ ಕಣಪ್ಪ" ಅನ್ನುವಾಗ ಅವರ ಕಣ್ಣು ತುಂಬಿತ್ತು.

ಬಿರುಕು ದೊಡ್ಡದಾದ ಹಾಗೆ ಶ್ರುತಿ ಏರುತ್ತಾ ಹೋಗಿದೆ, ಇವರು ಅದರ ಹಿಂದೆ ಕಿರುಚಿಕೊಂಡು ಓಡಿದ್ದಾರೆ ಅಂತ ಬಿಡಿಸಿ ಹೇಳಿದೆ. "ಹಾಗಾದ್ರೆ ಸೋಮವಾರ ಕೊನೇ ಭಜನೆ ಅಂದ್ರಲ್ಲ?"

"ಯಾವನಪ್ಪ ಅಂಗಂದೋನು?" ಅಂದರು ಅಜ್ಜ.

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಎದ್ದರು. "ಊರೆಲ್ಲಾ ನನ್ನ ಉಪ್ಪಿನಕಾಯಿನ ಬೈಕೊಂಡು ತಿರುಗಿದ್ರಲ್ಲ. ಈಗ ಆ ಪೆಟ್ಗೆನ ಬೈರಿ, ನಾನೂ ಕೇಳ್ತೀನಿ."

ಅಜ್ಜ ಪೆಟ್ಟಿಗೆ ಕಡೆ ನೋಡಿದರು, ಅರಗಿನ ಕಡೆ ನೋಡಿದರು, ಕೈ ಮುಗಿದರು. "ಗುರುಗಳು ಮುಟ್ಟಿದ ಪೆಟ್ಗೆ ಕಣಮ್ಮಿ, ಬೈಯಾಕಾಗಕಿಲ್ಲ. ನಿನ್ನ ಬೈಕೊಂಡಿದ್ದೇ ವಾಸಿ."